ಖಾಯಂ ವಿಳಾಸ

ಬೀಚ್‌ಕ್ರಾಫ್ಟ್ ರಸ್ತೆಯ ಹದಿನೇಳನೇ ನಂಬರಿನ ಮುಂದೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ನಿಂತದ್ದು ಇಪ್ಪತ್ತೊಂದು ದಿನ ಮಾತ್ರ. ಇಪ್ಪತ್ತನೆಯ ದಿನ ಭಾನುವಾರ. ಮೇವಿಸ್ ಆಲ್ಡ್ರೆಡ್ ಓವನ್ನಿನಿಂದ ಕುರಿಮಾಂಸ ಹೊರಗೆಳೆದಿಟ್ಟು ಬಟಾಣಿಯ ನೀರು ಬಸಿಯುತ್ತಿದ್ದಾಗ ಮಗಳು ಲಿನೆಟ್ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಬಾಗಿಲು ಮುಂದೆ ಮಾಡಿ ಶುರುವಾಗುವ ಮಾತು ಒಳ್ಳೆಯದಕ್ಕಲ್ಲ ಎಂಬುದು ಎಪ್ಪತ್ತಾರು ವರ್ಷದ ಮೇವಿಸ್‌ಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮ, ಮನೆ ಮಾರೋದನ್ನ ಒಂದು ವರ್ಷ ಮುಂದಕ್ಕೆ ಹಾಕ್ತೀಯಾ?"

"ಯಾಕೆ?"

"ಬೆತ್‌ಗೋಸ್ಕರ."

ಬೆತ್ ಲಿನೆಟ್‌ಳ ಒಬ್ಬಳೇ ಮಗಳು. ಹತ್ತು ವರ್ಷ. ಮುಂದಿನ ಸೆಪ್ಟೆಂಬರಿಗೆ ದೊಡ್ಡ ಶಾಲೆಗೆ ಸೇರಬೇಕು. ಮೇವಿಸ್‌ಳ ಮನೆಯಿಂದ ಏಳು ನಿಮಿಷ ನಡೆದರೆ ಹಾಲೋಫೀಲ್ಡ್ ಶಾಲೆ. ಲಿನೆಟ್ ತಾನೇ ಓದಿದ್ದು ಅಲ್ಲಿ. ಶೆಫೀಲ್ಡಿನ ಈ ಭಾಗದಲ್ಲಿ ಜನ ಮನೆ ಕೊಳ್ಳುವುದೇ ಆ ಶಾಲೆಯ ಗೇಟಿನಿಂದ ಎಷ್ಟು ದೂರ ಎಂದು ನೋಡಿ. ಸೀಟು ಕೊಡುವಾಗ ಮಗುವಿನ ಮನೆಬಾಗಿಲಿನಿಂದ ಶಾಲೆಯವರೆಗೆ ಮೀಟರಿನ ಲೆಕ್ಕದಲ್ಲಿ ಅಳೆಯುತ್ತಾರೆ, ಹತ್ತಿರದವರಿಗೆ ಮೊದಲು, ಮುಗಿಯಿತು. ಲಿನೆಟ್‌ಳ ಸಂಸಾರ ಇದ್ದದ್ದು ವರ್ತುಲ ರಸ್ತೆಯ ಆಚೆ, ನಗರದ ಕೌನ್ಸಿಲ್ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ಆ ಕಡೆಯ ಮಕ್ಕಳಿಗೆ ಸಿಗುವ ಶಾಲೆಯಲ್ಲಿ ಹೋದ ವರ್ಷ ಇವರ ಬೀದಿಯ ಒಬ್ಬ ಹುಡುಗಿಯ ಜಡೆಗೆ ಯಾರೋ ಲೈಟರ್ ಹಿಡಿದಿದ್ದರು. ಆ ಹುಡುಗಿ ಈಗ ಶಾಲೆಗೇ ಹೋಗುತ್ತಿಲ್ಲ. ಬೆತ್ ಮೊದಲೇ ಪುಕ್ಕಲು, ಜೋರಾಗಿ ಮಾತಾಡಿದರೆ ಕಣ್ಣು ತುಂಬಿಕೊಳ್ಳುವವಳು.

"ಭಾನುವಾರ ಸಂಜೆಯಿಂದ ಶುಕ್ರವಾರದವರೆಗೆ ಮೂರೂ ಜನ ಇಲ್ಲೇ ಇರ್ತೀವಿ. ಸೀಟು ಸಿಕ್ಕಿ ಅವಳು ಶಾಲೆಗೆ ಹೋಗೋಕೆ ಶುರು ಮಾಡಿದ್ಮೇಲೆ ನಮ್ಮ ಮನೆಗೆ ನಾವು. ಆಮೇಲೆ ನೀನು ಮಾರ್ಕೊ," ಎಂದಳು ಲಿನೆಟ್.

"ಎನಿಡ್‌ಗೆ ಏನು ಹೇಳ್ಲಿ?"

ಎನಿಡ್ ಮೇವಿಸ್‌ಳ ತಂಗಿ. ಬ್ರಿಡ್ಲಿಂಗ್ಟನ್ನಿನಲ್ಲಿ, ಸಮುದ್ರದ ದಂಡೆಯಿಂದ ಎರಡು ಬೀದಿ ಹಿಂದೆ, ಮಹಡಿಯ ಮೇಲೆ ಇದ್ದಳು. ಕೆಳಗಿನ ಎರಡು ಕೋಣೆಯ ಮನೆ ಖಾಲಿಯಿತ್ತು. ಮಾಲೀಕ ಈಸ್ಟರ್‌ವರೆಗೆ ಕಾಯುತ್ತೇನೆ ಎಂದಿದ್ದ. ಗಂಡ ಸ್ಟ್ಯಾನ್ ತೀರಿಕೊಂಡು ಆರು ವರ್ಷವಾದ ಮೇಲೆ, ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿಳಿಯುತ್ತಾ ಮೇವಿಸ್ ಮನಸ್ಸಿನಲ್ಲೇ ಆ ಎರಡು ಕೋಣೆಗೆ ಪರದೆ ಹೊಲಿದು ಮುಗಿಸಿದ್ದಳು. ಇದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆ ಇರಲಿಲ್ಲ.

"ಎನಿಡ್ ಆಂಟಿ ಎಲ್ಲೂ ಹೋಗಲ್ಲಮ್ಮ. ಬೆತ್‌ಗೆ ಹನ್ನೊಂದು ವರ್ಷ ಆಗೋದು ಒಂದೇ ಸಲ."

ಮಂಗಳವಾರ ಏಜೆಂಟಿನ ಕಡೆಯವನು ಬಂದು ಬೋರ್ಡು ಕಿತ್ತುಕೊಂಡು ಹೋದ.

ಅಕ್ಟೋಬರಿನಲ್ಲಿ ಅರ್ಜಿಯ ಜೊತೆ ಒಂದು ಕಾಗದ ಬಂತು. ‘ಮಗು ಈ ವಿಳಾಸದಲ್ಲಿ ಖಾಯಂ ವಾಸವಿದೆ’ ಎಂದು ಮನೆಯ ಒಡತಿ ಸಹಿ ಮಾಡಬೇಕು. ಮೇವಿಸ್ ಇಪ್ಪತ್ತೆಂಟು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಜನರ ವಿಳಾಸ ಸರಿಯೋ ತಪ್ಪೋ ಎಂದು ಕನ್ನಡಕದ ಮೇಲಿಂದ ನೋಡಿದವಳು. ಆ ಕಾಗದವನ್ನು ಮೂರು ದಿನ ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟಳು.

"ಖಾಯಂ ಅಂದ್ರೆ ಖಾಯಂ, ಲಿನೆಟ್. ಶುಕ್ರವಾರ ಸಂಜೆ ಗಂಟುಮೂಟೆ ಕಟ್ಕೊಂಡು ಹೋಗೋದಲ್ಲ."

"ವಾರಕ್ಕೆ ಐದು ರಾತ್ರಿ ಮಲಗ್ತೀವಲ್ಲಮ್ಮ. ಲೈಟು ಹಾಕಿದ್ರೆ ಬೀದಿಗೆಲ್ಲ ಕಾಣತ್ತೆ. ಇನ್ನೇನು ಬೇಕು?"

"ಸತ್ಯ ಬೇಕು."

"ಸತ್ಯಾನ ಆ ಶಾಲೆ ಬಸ್ಸಿನಲ್ಲಿ ಕೂರ್ಸು ನೋಡೋಣ. ಅದರ ಜಡೆಗೂ ಹಚ್ತಾರೆ."

ಮೇವಿಸ್ ಸಹಿ ಹಾಕಿದಳು. ಹಾಕಿ ಎರಡು ದಿನ ಮಗಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮೂವರು ಒಂದು ಮನೆಗೆ ಬಂದು ಸೇರಿದರೆ ಬರೀ ಮೂರು ಹಾಸಿಗೆ ಹೆಚ್ಚಾಗುವುದಲ್ಲ. ಇದ್ದದ್ದು ಒಂದೇ ಸ್ನಾನದ ಮನೆ. ಬೆಳಗ್ಗೆ ಏಳಕ್ಕೆ ಲಿನೆಟ್ ಅದರೊಳಗೆ ಹೊಕ್ಕರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂರುವ ರಿಸೆಪ್ಷನಿಸ್ಟಿನ ಮುಖ ತಯಾರಾಗುವವರೆಗೂ ಹೊರಬರುತ್ತಿರಲಿಲ್ಲ. ಅಳಿಯ ಕಾರ್ಲ್ ಬಾಯ್ಲರ್ ರಿಪೇರಿಯವನು, ಅವನ ಬೂಟು ಹಜಾರದ ತುಂಬ. ಮೇವಿಸ್ ಊಟ ಬಡಿಸುವುದು ಸಂಜೆ ಐದಕ್ಕೆ, ಸ್ಟ್ಯಾನ್ ಉಕ್ಕಿನ ಕಾರ್ಖಾನೆಯಿಂದ ಬರುತ್ತಿದ್ದ ಕಾಲದಿಂದಲೂ ಹಾಗೇ. ಕಾರ್ಲ್ ಬರುವುದು ಆರೂವರೆ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅವನ ತಟ್ಟೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಓವನ್ನಿನಲ್ಲಿ ಒಣಗಿರುತ್ತಿತ್ತು.

"ಇದೇನು ಮೇವಿಸ್, ಗ್ರೇವೀನಾ, ಗೋಡೆಗೆ ಬಳಿಯೋ ಗಾರೆನಾ?"

"ಐದು ಗಂಟೆಗೆ ಗ್ರೇವಿಯಾಗಿತ್ತು."

"ಜನ ಮೂರಕ್ಕೆ ಬಾಯ್ಲರ್ ಕೆಟ್ಟೋಯ್ತು ಅಂತ ಫೋನ್ ಮಾಡಿದ್ರೆ ನಾನೇನ್ ಮಾಡ್ಲಿ? ನಮ್ಮತ್ತೆ ಗ್ರೇವಿ ಕಾಯ್ತಿದೆ, ನೀವು ಚಳೀಲಿ ಸಾಯಿರಿ ಅನ್ಲಾ?"

"ಬಾಯ್ಲರ್ ಆಯ್ತು, ಪಾರಿವಾಳ ಎಷ್ಟು ಗಂಟೆಗೆ ಕೆಟ್ಟೋದ್ವು?"

ಕಾರ್ಲ್ ಬಾಯಿ ಮುಚ್ಚಿಕೊಂಡು ಗಾರೆ ತಿಂದ. ಹಳೆಯ ಮನೆಯ ಹಿತ್ತಲಿನಲ್ಲಿ ಅವನ ಇಪ್ಪತ್ತಾರು ಪಂದ್ಯದ ಪಾರಿವಾಳಗಳಿದ್ದವು, ಅವನೇ ಹಲಗೆ ಹೊಡೆದು ಕಟ್ಟಿದ ಗೂಡಿನಲ್ಲಿ. ದಿನಕ್ಕೆರಡು ಸಲ ಹೋಗಿ ಕಾಳು ಹಾಕಿ, ನೀರಿಟ್ಟು, ಒಂದೊಂದನ್ನೂ ಎತ್ತಿ ಎದೆ ಮುಟ್ಟಿ ನೋಡಿ ಬರುತ್ತಿದ್ದ. ಅವನ್ನು ಇಲ್ಲಿಗೆ ತರುವಂತಿರಲಿಲ್ಲ. ಎಲ್ಲಿಗೆ ಒಯ್ದು ಬಿಟ್ಟರೂ ಹಳೆಯ ಗೂಡಿಗೇ ಹಾರಿಹೋಗುವುದು ಅವುಗಳ ಜಾತಿಗುಣ. ಆ ಗುಣಕ್ಕೇ ಅವನ್ನು ಸಾಕುವುದು.

ನವೆಂಬರಿನಲ್ಲಿ ಜಗಳ ಹೀಟರಿನದಾಯಿತು. ಅವನು ಹೆಚ್ಚಿಸುವುದು, ಇವಳು ಇಳಿಸುವುದು.

"ಮೈಮೇಲೆ ಒಂದು ಬನಿಯನ್ ಹಾಕ್ಕೊಂಡು ಕೂತ್ರೆ ಯಾರಿಗೆ ಚಳಿಯಾಗಲ್ಲ? ಸ್ವೆಟರ್ ಹಾಕ್ಕೊ."

"ಮನೆ ಒಳಗೆ ಸ್ವೆಟರ್ ಹಾಕ್ಕೊಂಡು ಕೂರೋದಾದ್ರೆ ಗೋಡೆ ಯಾಕೆ ಕಟ್ತಾರೆ ಮೇವಿಸ್?"

"ನೆರೆಯವರಿಗೆ ನಿನ್ನ ಬನಿಯನ್ ಕಾಣದೇ ಇರ್ಲಿ ಅಂತ."

ಬೆತ್ ನಕ್ಕುಬಿಟ್ಟಳು. ಲಿನೆಟ್ ಅವಳನ್ನು ದುರುಗುಟ್ಟಿ ನೋಡಿದಳು. ಅಳಿಯ ಎದ್ದು ಹೋಗಿ ವ್ಯಾನಿನಲ್ಲಿ ಹೀಟರ್ ಹಾಕಿಕೊಂಡು ಒಂದು ಗಂಟೆ ರೇಡಿಯೋ ಕೇಳಿದ.

ಶುಕ್ರವಾರ ಸಂಜೆ ಮೂವರೂ ಹೊರಟುಹೋದ ಮೇಲೆ ಮೇವಿಸ್ ಕುರ್ಚಿಯಲ್ಲಿ ಕಾಲು ಚಾಚಿ ಉಸ್ಸೆನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎರಡೆರಡು ಸಲ ಕಿಟಕಿಯ ಹತ್ತಿರ ಹೋಗಿ ಬರುತ್ತಿದ್ದಳು. ಅದು ಬೆತ್‌ಗಾಗಿ. ಮಗು ಶಾಲೆಯಿಂದ ಬಂದು ಅಡುಗೆಮನೆಯ ಮೇಜಿನ ತುದಿಯಲ್ಲಿ ಪುಸ್ತಕ ಹರಡಿದರೆ, ಆಲೂಗಡ್ಡೆ ಸುಲಿಯುವ ಕೈಗೆ ಜೊತೆ ಸಿಕ್ಕಂತಾಗುತ್ತಿತ್ತು. ಮೇವಿಸ್ ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದರೆ ಅಳಿಯನನ್ನೂ ಸೇರಿಸಿ ಒಪ್ಪಿಕೊಂಡ ಹಾಗಾಗುತ್ತಿತ್ತು.

ಒಂದು ದಿನ ಮಗು ಕೇಳಿತು. "ಅಜ್ಜಿ, ನಾವು ನಿಜವಾಗ್ಲೂ ಇಲ್ಲೇ ಇದೀವಾ?"

"ಇದೀರಲ್ಲ, ಕಣ್ಣೆದುರಿಗೇ."

"ಶನಿವಾರ ಯಾರಾದ್ರೂ ಕೇಳಿದ್ರೆ?"

ಮೇವಿಸ್ ಆಲೂಗಡ್ಡೆಯ ಕಣ್ಣು ಕೀಳುತ್ತಾ ಕೂತಳು. "ಶನಿವಾರ ಯಾರೂ ಕೇಳಲ್ಲ, ಪುಟ್ಟಿ. ಅವರಿಗೂ ರಜ."

ಕ್ರಿಸ್‌ಮಸ್ಸಿಗೆ ಕಾರ್ಲ್ ಹಟ ಹಿಡಿದು ಹೆಂಡತಿ ಮಗಳನ್ನು ಹತ್ತು ದಿನ ಹಳೆಯ ಮನೆಗೆ ಕರೆದುಕೊಂಡು ಹೋದ. ಹದಿನೇಳನೇ ನಂಬರಿನಲ್ಲಿ ಹತ್ತು ದಿನ ಒಂದೇ ಕೋಣೆಯ ದೀಪ ಉರಿಯಿತು. ಬೀಚ್‌ಕ್ರಾಫ್ಟ್ ರಸ್ತೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ ಎಂದುಕೊಂಡದ್ದು ಅವರ ದಡ್ಡತನ. ಆ ರಸ್ತೆಯವರು ಮಾತಾಡುವುದು ಕಡಿಮೆ, ನೋಡುವುದು ಬಹಳ.

ಜನವರಿಯ ಕೊನೆಗೆ, ಶಾಲೆಯ ಸೀಟು ಹಂಚುವ ಕೌನ್ಸಿಲ್ಲಿನಿಂದ ಕಾಗದ ಬಂತು. ವಿಳಾಸದ ಬಗ್ಗೆ ದೂರು ಬಂದಿದೆ, ಮುಂದಿನ ಎರಡು ವಾರದಲ್ಲಿ ಯಾವುದಾದರೂ ಬೆಳಗ್ಗೆ ನಮ್ಮ ಅಧಿಕಾರಿ ಮನೆಗೆ ಬರುತ್ತಾರೆ. ವಿಳಾಸ ಸುಳ್ಳೆಂದು ತಿಳಿದರೆ ಅರ್ಜಿ ರದ್ದು, ಸೀಟು ಕೊಟ್ಟ ಮೇಲೆ ತಿಳಿದರೂ ವಾಪಸ್ ಪಡೆಯಲಾಗುವುದು. ಲಿನೆಟ್ ಕಾಗದವನ್ನು ಎರಡು ಸಲ ಓದಿ ಬಿಳಿಚಿಕೊಂಡಳು.

"ಯಾರು ದೂರು ಕೊಟ್ಟಿರಬಹುದು?"

ಮೇವಿಸ್‌ಗೆ ಗೊತ್ತಾಗಿತ್ತು. ಮರುದಿನ ಬೆಳಗ್ಗೆ ಕಸದ ಡಬ್ಬಿಗಳನ್ನು ಗೇಟಿನ ಹೊರಗೆ ಎಳೆದಿಡುವಾಗ ಪಕ್ಕದ ಮನೆಯ ಆಲಿವ್ ಕೂಡ ತನ್ನ ಡಬ್ಬಿ ಎಳೆದುಕೊಂಡು ಬಂದಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಲವತ್ತು ವರ್ಷದಿಂದ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು.

"ನೀನೇನಾ ಆಲಿವ್?"

"ನಾನೇ." ಆಲಿವ್ ಡಬ್ಬಿಯ ಹಿಡಿ ರಸ್ತೆಯ ಕಡೆಗೆ ಬರುವಂತೆ ತಿರುಗಿಸಿದಳು. "ಸುಳ್ಳು ಹೆಸರಿನಲ್ಲಿ ಬರೀಲಿಲ್ಲ. ನನ್ನ ಹೆಸರು ಹಾಕೇ ಬರೆದೆ."

"ಒಂದು ಮಾತು ನನ್ನ ಹತ್ರ ಆಡಬಹುದಿತ್ತು."

"ಆಡಿದ್ರೆ ನೀನು ಕೂರಿಸಿ ಟೀ ಕೊಡ್ತಿದ್ದೆ. ಹೋದ ವರ್ಷ ನಮ್ಮ ಮೊಮ್ಮಗನಿಗೆ ಎಂಬತ್ತು ಮೀಟರ್ ಹೆಚ್ಚು ದೂರ ಆಯ್ತು ಅಂತ ಸೀಟು ತಪ್ಪೋಯ್ತು. ಎಂಬತ್ತು ಮೀಟರ್, ಮೇವಿಸ್! ಇಲ್ಲಿಂದ ಆ ಪೋಸ್ಟ್ ಡಬ್ಬಿವರೆಗೂ ಇಲ್ಲ. ಎರಡು ಬಸ್ಸು ಬದಲಾಯಿಸಿ ಹೋಗ್ತಾನೆ ಈಗ. ಅವನ ಮುಂದೆ ನಿಂತಿದ್ದೋರಲ್ಲಿ ಎಷ್ಟು ಜನ ಅಜ್ಜಿ ಮನೇಲಿ ಐದು ದಿನ ಮಲಗೋರಿದ್ರೋ."

ಮೇವಿಸ್ ತನ್ನ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು.

"ನೀನು ಸಹಿ ಹಾಕಿದ್ಯಾ?" ಆಲಿವ್ ಕೇಳಿದಳು.

"ಹಾಕಿದೀನಿ."

"ನಿನ್ನ ಕೌಂಟರಿನಲ್ಲಿ ನನ್ನ ಗಂಡನ ಪಿಂಚಣಿ ಪುಸ್ತಕದ ವಿಳಾಸ ಹಳೇದು ಅಂತ ನೀನೇ ವಾಪಸ್ ಕಳಿಸಿದ್ದೆ. ನಾನು ಒಂದು ಮೈಲಿ ನಡ್ಕೊಂಡು ಬಂದಿದ್ದೆ, ಮಳೇಲಿ." ಇಷ್ಟು ಹೇಳಿ ಆಲಿವ್ ಒಳಗೆ ಹೋದಳು.

ಮೇವಿಸ್‌ಗೆ ನಾಚಿಕೆಯಾಯಿತು. ಬೇರೆ ಯಾರಾದರೂ ಅಂದಿದ್ದರೆ ಸಿಟ್ಟು ಮಾಡಿಕೊಂಡು ಬಿಡಬಹುದಿತ್ತು.

ಆ ಎರಡು ವಾರ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಲಿನೆಟ್ ಹಳೆಯ ಮನೆಯಿಂದ ಮಗುವಿನ ಗೊಂಬೆ, ಪೋಸ್ಟರು, ಗಂಡನ ಸೂಟು ಎಲ್ಲ ತಂದು ಕೋಣೆಗಳಿಗೆ ತುಂಬಿದಳು. ಸಂಜೆ ಊಟದ ಮೇಜಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಬೆತ್, ನೀನೆಲ್ಲಿ ಇರೋದು?"

"ಹದಿನೇಳು, ಬೀಚ್‌ಕ್ರಾಫ್ಟ್ ರಸ್ತೆ."

"ಯಾವತ್ತಿನಿಂದ?"

"ಸೆಪ್ಟೆಂಬರ್‌ನಿಂದ." ಮಗುವಿನ ತಟ್ಟೆಯಲ್ಲಿ ಫಿಶ್ ಫಿಂಗರ್ ಆರಿ ತಣ್ಣಗಾಗಿತ್ತು. "ಅಮ್ಮ, ನನಗೆ ಹೊಟ್ಟೆ ನೋಯ್ತಿದೆ."

"ಕಾರ್ಲ್, ಬೆಳಗ್ಗೆ ಒಂಬತ್ತರವರೆಗೆ ನೀನು ಮನೆ ಬಿಟ್ಟು ಅಲ್ಲಾಡಕೂಡದು. ಕಾಳು ಹಾಕೋಕೆ ನಿನ್ನ ಸ್ನೇಹಿತನಿಗೆ ಹೇಳು."

"ಅವನು ಹಕ್ಕಿಗೆ ಕಾಳು ಹಾಕೋದು ಕೋಳಿಗೆ ಹಾಕಿದ ಹಾಗೆ."

"ನಿನಗೆ ಮಗಳು ಮುಖ್ಯವೋ ಹಕ್ಕಿ ಮುಖ್ಯವೋ?"

"ನಾನು ಬಿಟ್ಟು ಬಂದಿರೋದು ನನ್ನ ಮನೆ, ತಿಂತಿರೋದು ಒಣಗಿದ ಊಟ, ಮಲಗ್ತಿರೋದು ನಿನ್ನ ಚಿಕ್ಕಂದಿನ ಮಂಚ. ಕಾಲು ಹೊರಗೆ ಚಾಚ್ಕೊಂಡಿರ್ತವೆ. ಇಷ್ಟಾದ್ಮೇಲೂ ಈ ಪ್ರಶ್ನೆ ಕೇಳ್ತೀಯಲ್ಲ ಲಿನೆಟ್!" ಕಾರ್ಲ್ ತಟ್ಟೆ ತಳ್ಳಿದ. "ಸೆಪ್ಟೆಂಬರ್ ಬರ್ಲಿ. ಒಂದು ದಿನ ಹೆಚ್ಚು ಇರಲ್ಲ."

ಮೇವಿಸ್ ಆ ತಟ್ಟೆ ಎತ್ತಿ ಉಳಿದದ್ದನ್ನು ಕಸಕ್ಕೆ ಹಾಕಿದಳು. ಒಣಗಿದ ಊಟ ಎಂಬ ಮಾತು ಚುರುಕ್ಕೆಂದಿತು, ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದೇ ವಾರ ಎನಿಡ್ ಫೋನ್ ಮಾಡಿದ್ದಳು. "ಮಾಲೀಕ ದಿನಾ ಕೇಳ್ತಿದಾನೆ ಅಕ್ಕ. ಬರ್ತೀಯೋ ಇಲ್ವೋ ಒಂದು ಹೇಳಿಬಿಡು," ಎಂದಿದ್ದಳು. ಆಮೇಲೆ ಹೇಳ್ತೀನಿ ಎಂದು ಮೇವಿಸ್ ಫೋನ್ ಇಟ್ಟಿದ್ದಳು.

ಹದಿಮೂರನೆಯ ದಿನ ಬೆಳಗ್ಗೆ ಏಳೂವರೆಗೆ ಕರೆಗಂಟೆ ಸದ್ದು ಮಾಡಿತು. ಆ ದಿನ ಬೆಳಗಿನ ಆರಕ್ಕೇ ಕಾರ್ಲ್‌ಗೆ ಸ್ನೇಹಿತನ ಫೋನ್ ಬಂದಿತ್ತು: ಗಾಳಿಗೆ ಗೂಡಿನ ಜಾಲರಿ ಹರಿದಿದೆ, ಬೆಕ್ಕು ಸುತ್ತಾಡುತ್ತಿದೆ. ಹನ್ನೆರಡು ದಿನ ಬಾರದವರು ಇವತ್ತೇ ಬರುತ್ತಾರೆಯೇ ಎಂದು ಅವನು ಓಡಿದ್ದ. ಇವತ್ತೇ ಬಂದಿದ್ದರು.

ಅಧಿಕಾರಿ ಸಣಕಲು ಹೆಂಗಸು, ಹೆಸರು ಮಿಸ್ ಪ್ರೆಂಟಿಸ್. ಒದ್ದೆ ಬೂಟನ್ನು ತಾನಾಗಿಯೇ ಬಾಗಿಲಲ್ಲಿ ಬಿಟ್ಟು ಬಂದಳು. ಟೀ ಬೇಡವೆಂದಳು. ಮಹಡಿ ಹತ್ತಿ ಕೋಣೆಗಳನ್ನು ನೋಡಿದಳು, ಬೀರು ತೆಗೆದು ನೋಡಿದಳು, ಇಳಿದು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಬೆತ್ ಗಂಜಿಯ ಬಟ್ಟಲಿನಲ್ಲಿ ಚಮಚ ಆಡಿಸುತ್ತಿದ್ದಳು.

"ನಿಮ್ಮ ಯಜಮಾನರು?"

"ಬೇಗ ಕೆಲಸಕ್ಕೆ ಹೋದ್ರು," ಎಂದಳು ಲಿನೆಟ್.

"ಇಲ್ಲಮ್ಮ," ಎಂದಿತು ಮಗು. ಅದಕ್ಕೆ ಹೇಳಿಕೊಟ್ಟ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. "ಅಪ್ಪ ಮನೇಗ್ ಹೋಗಿದಾರೆ. ಪಾರಿವಾಳಕ್ಕೆ ಬೆಕ್ಕು ಬಂದಿದೆಯಂತೆ."

ಮಿಸ್ ಪ್ರೆಂಟಿಸ್ ಪೆನ್ನು ಎತ್ತಿದಳು. "ಯಾವ ಮನೆಗೆ, ಪುಟ್ಟಿ?"

ಬೆತ್ ತಾಯಿಯ ಮುಖ ನೋಡಿದಳು. ಲಿನೆಟ್‌ಳ ಮುಖದಲ್ಲಿ ರಕ್ತವಿರಲಿಲ್ಲ. ಮಗುವಿನ ಗಲ್ಲ ನಡುಗತೊಡಗಿತು, ತಾನು ಏನೋ ದೊಡ್ಡದನ್ನು ಒಡೆದುಹಾಕಿದೆ ಎಂಬಂತೆ.

ಮೇವಿಸ್ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

"ಹಳೇ ಮನೇಗೆ. ಮಗು ಬಾಯಿಗೆ ಹಾಗೇ ಬರುತ್ತೆ, ಹುಟ್ಟಿ ಬೆಳೆದಿದ್ದು ಅಲ್ಲೇ ಅಲ್ವಾ? ನನ್ನಳಿಯನ ಹಕ್ಕಿಗಳು ಇನ್ನೂ ಅಲ್ಲೇ ಇವೆ. ಆ ಮನೆ ಬಿಡ್ತಿದಾರೆ. ನಾಲ್ಕು ವಾರದ ನೋಟೀಸು ಇವತ್ತು ಕೊಡ್ತಾರೆ."

"ಇವತ್ತು?"

"ಇವತ್ತು. ಮಧ್ಯಾಹ್ನದ ಟಪಾಲಿಗೆ ನಾನೇ ಹೋಗಿ ಹಾಕ್ತೀನಿ."

ಮಿಸ್ ಪ್ರೆಂಟಿಸ್ ಅವಳನ್ನೇ ನೋಡಿದಳು. "ಮಿಸೆಸ್ ಆಲ್ಡ್ರೆಡ್, ನಾನು ನೇರವಾಗಿ ಕೇಳ್ತೀನಿ. ಈ ಮಗು, ಇದರ ಅಪ್ಪ, ಅಮ್ಮ, ಖಾಯಮ್ಮಾಗಿ ಇಲ್ಲಿ ವಾಸ ಮಾಡ್ತಾರಾ?"

"ಮಾಡ್ತಾರೆ."

"ಆ ನೋಟೀಸಿನ ಪ್ರತಿ ನನಗೂ ಒಂದು ಬೇಕು. ಮನೆ ಬಿಟ್ಟಾದ್ಮೇಲೆ ಕೀ ವಾಪಸ್ ಕೊಟ್ಟ ರಸೀತಿನೂ. ಅವೆರಡು ಬರೋವರೆಗೂ ಅರ್ಜಿ ನನ್ನ ಹತ್ರಾನೇ ಇರುತ್ತೆ."

"ಬರುತ್ತೆ."

ಬಾಗಿಲು ಮುಚ್ಚಿದ ಮೇಲೆ ಲಿನೆಟ್ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಅಮ್ಮ! ಸುಳ್ಳು ಹೇಳೋದ್ರಲ್ಲಿ ನನ್ನನ್ನೂ ಮೀರಿಸಿಬಿಟ್ಯಲ್ಲ!"

"ನಾನೆಲ್ಲಿ ಸುಳ್ಳು ಹೇಳ್ದೆ?" ಮೇವಿಸ್ ಡ್ರಾಯರಿನಿಂದ ಬರೆಯುವ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಕೂತ್ಕೊ. ಪೆನ್ನು ತಗೊ."

"ಏನಕ್ಕೆ?"

"ನೋಟೀಸ್ ಬರಿ."

ಲಿನೆಟ್‌ಳ ನಗು ಅಲ್ಲೇ ನಿಂತಿತು. "ಅಮ್ಮ, ತಮಾಷೆ ಮಾಡ್ಬೇಡ. ಏನಾದ್ರೂ ಒಂದು ಕಾಗದ ಮಾಡಿ ಕಳಿಸಿದ್ರಾಯ್ತು..."

"ಇನ್ನೊಂದು ಕಾಗದಕ್ಕೆ ಸುಳ್ಳು ಬರಿಯೋಕೆ ಈ ಮನೇಲಿ ಶಾಯಿ ಇಲ್ಲ. ಆ ಹೆಂಗಸಿನ ಮುಂದೆ ನಾನು ಬಾಯಿಬಿಟ್ಟು ಹೇಳಿದೀನಿ. ಮಗುವಿನ ಮುಖ ನೋಡಿದ್ಯಾ? ನಿಜ ಹೇಳಿದ್ದಕ್ಕೆ ನಡುಗ್ತಿತ್ತು ಅದು. ಬೀದೀಲಿ ಆಲಿವ್‌ಗೂ ಮುಖ ತೋರಿಸಬೇಕು ನಾನು. ಒಂದೋ ಇವತ್ತು ಬರೀತೀಯ, ಇಲ್ಲ ನಾನು ಈಗ್ಲೇ ಆ ಹೆಂಗಸನ್ನ ಬಸ್ ಸ್ಟಾಪಿನಲ್ಲಿ ಹಿಡಿದು ಎಲ್ಲಾ ಹೇಳ್ತೀನಿ. ಬೂಟು ಒದ್ದೆಯಾಗಿದೆ, ಬೇಗ ಹೋಗಿರಲ್ಲ."

ಇದೇ ಹೊತ್ತಿಗೆ ಕಾರ್ಲ್ ಬಂದ. ಜಾಲರಿಯ ತಂತಿಗೆ ಅಂಗೈ ತರಚಿ ರಕ್ತ ಒಣಗಿತ್ತು. ನಡೆದದ್ದನ್ನು ಲಿನೆಟ್ ಬಿಕ್ಕುತ್ತಾ ಹೇಳಿದಳು.

"ನನ್ನ ಹಕ್ಕಿಗಳು?"

"ಮಾರಬೇಕಾಗುತ್ತೆ," ಎಂದಳು ಮೇವಿಸ್. ಈ ಮಾತು ಅವಳಿಗೆ ಸುಲಭವಾಗಿ ಬರಲಿಲ್ಲ. "ಹಿಂದೆ ಸ್ಟ್ಯಾನ್‌ನ ಶೆಡ್ಡಿದೆ. ಅಲ್ಲೇ ಹುಟ್ಟಿದ ಮರಿಗಳಾದ್ರೆ ಅಲ್ಲಿಗೇ ಬರ್ತವೆ ಅಂತ ನೀನೇ ಹೇಳಿದ್ದೆ."

"ಹನ್ನೊಂದು ವರ್ಷದಿಂದ ಸಾಕಿದ ಹಕ್ಕಿಗಳು ಮೇವಿಸ್! ಒಂದೊಂದರ ಕಾಲಿಗೂ ನಾನೇ ಉಂಗುರ ಹಾಕಿದೀನಿ!"

"ಗೊತ್ತು. ನಂಗೂ ಸಂಕಟ ಆಗುತ್ತೆ. ಆದರೆ ಐದು ದಿನ ಇಲ್ಲಿ, ಎರಡು ದಿನ ಅಲ್ಲಿ ಅಂತ ಇನ್ನಾಗಲ್ಲ. ಮಗಳಿಗೆ ಈ ಶಾಲೆ ಬೇಕಾದ್ರೆ ಈ ಮನೇಲಿ ಇರಿ. ಬೇಡವಾದ್ರೆ ಇವತ್ತೇ ಹೊರಡಿ. ನಾನು ಬೇಜಾರು ಮಾಡ್ಕೊಳಲ್ಲ."

ಕಾರ್ಲ್ ಬೆತ್‌ಳನ್ನು ನೋಡಿದ. ಅವಳು ಗಂಜಿಯಲ್ಲೇ ಕಣ್ಣು ನೆಟ್ಟು ಕೂತಿದ್ದಳು, ಉಸಿರು ಬಿಟ್ಟರೆ ಯಾರಿಗಾದರೂ ಏಟು ಬೀಳುತ್ತದೆ ಎನ್ನುವ ಹಾಗೆ. ಅವನು ಕುರ್ಚಿ ಎಳೆದು ಕೂತು ತಲೆ ಹಿಡಿದುಕೊಂಡ. ಕೊನೆಗೆ ಮೇಜಿನ ಮೇಲಿದ್ದ ಪೆನ್ನನ್ನು ಹೆಂಡತಿಯ ಕಡೆಗೆ ಸರಿಸಿದ.

"ಬರಿ," ಎಂದ. ಆಮೇಲೆ ಅತ್ತೆಯ ಕಡೆ ತಿರುಗಿದ. "ಆದ್ರೆ ಒಂದು ಮಾತು ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಮುಂದೆ ಏಳು ವರ್ಷ ನಿಮ್ಮ ಜೊತೆ ಒಂದೇ ಸೂರಿನ ಕೆಳಗೆ ಬಾಳೋದು ನನ್ನ ಕೈಲಾಗಲ್ಲ ಮೇವಿಸ್."

"ನನ್ನ ಕೈಲೂ ಆಗಲ್ಲ ಕಣಪ್ಪ. ನೀವು ಮೂರು ಜನ ಇಲ್ಲಿ ವಾಸ ಮಾಡ್ತೀರಿ ಅಂತ ಬರ್ಕೊಟ್ಟಿದೀನಿ. ನಾನು ಮಾಡ್ತೀನಿ ಅಂತ ಎಲ್ಲೂ ಬರೆದಿಲ್ಲ."

ಲಿನೆಟ್ ತಲೆ ಎತ್ತಿದಳು.

"ಕೌನ್ಸಿಲ್‌ಗೆ ಕೊಡ್ತಿದ್ದ ಬಾಡಿಗೆ ನಂಗೆ ಕೊಡಿ. ಆ ಎರಡು ಕೋಣೆಗೆ ಸಾಕು. ಈಸ್ಟರ್ ಹೊತ್ತಿಗೆ ನಾನು ಎನಿಡ್ ಹತ್ರ."

"ಅಮ್ಮ, ಇದು ನಿನ್ನ ಮನೆ! ನಿನ್ನ ಮನೇಲಿ ನೀನಿಲ್ಲದೆ ನಾವು ಹೇಗಮ್ಮ..." ಮುಂದಿನ ಮಾತು ಅಳುವಿನಲ್ಲಿ ಹೋಯಿತು. ತಾನೇ ಐದು ತಿಂಗಳು ಈ ಮನೆಯಿಂದ ಯಾವಾಗ ಹೋದೇನು ಎಂದು ದಿನ ಎಣಿಸಿದ್ದು ಅವಳಿಗೆ ಆಗ ನೆನಪಾಗಲಿಲ್ಲ. ಮೇವಿಸ್‌ಗೆ ನೆನಪಾಯಿತು, ಆದರೆ ಆಡಲಿಲ್ಲ. ನಲವತ್ತಾರು ವರ್ಷ ಗುಡಿಸಿದ ಮನೆ.

ಬೆತ್ ಚಮಚ ಕೆಳಗಿಟ್ಟಳು.

"ಅಜ್ಜಿ, ನೀನು ಹೋದ್ರೆ ಬೆಳಗ್ಗೆ ನನ್ನ ಯಾರು ಎಬ್ಬಿಸ್ತಾರೆ?"

ಮೇವಿಸ್ ಮುಖ ತಿರುಗಿಸಿಕೊಳ್ಳುವ ಹೆಂಗಸಲ್ಲ. ಮಗುವಿನ ಬಾಯಿ ಒರೆಸಿ, ಅಳಿಯನನ್ನೇ ನೆಟ್ಟಗೆ ನೋಡುತ್ತಾ ಹೇಳಿದಳು:

"ನಿಮ್ಮಪ್ಪ ಎಬ್ಬಿಸ್ತಾನೆ. ಅವನು ಇಲ್ಲೇ ತಾನೇ ಇರೋದು."